ಅಡುಗೆಮನೆ ಕಸದಿಂದ ಗೊಬ್ಬರ: ನಿಮ್ಮ ಮನೆಗೆ ಯಾವ ವಿಧಾನ ಸರಿ? ‘15 ದಿನದ ಗೊಬ್ಬರ’ದ ಫಾರ್ವರ್ಡ್ ಎಷ್ಟು ನಿಜ?

ಎರಡು ವರ್ಷದ ಹಿಂದೆ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಬಂತು. ಒಂದು ಪ್ಲಾಸ್ಟಿಕ್ ಬಕೆಟ್, ಅದರ ತುಂಬ ತರಕಾರಿ ಸಿಪ್ಪೆ, ಮೇಲೆ ಒಂದು ಲೋಟ ಹುಳಿ ಮಜ್ಜಿಗೆ, ಒಂದು ಹಿಡಿ ಬೆಲ್ಲ. ಮುಚ್ಚಳ ಬಿಗಿಯಾಗಿ ಹಾಕಿಟ್ಟರೆ ಹದಿನೈದೇ ದಿನದಲ್ಲಿ ಗೊಬ್ಬರ ರೆಡಿ. ಅಮ್ಮ ಅದನ್ನು ಚಾಚೂ ತಪ್ಪದೆ ಮಾಡಿದರು. ಎಂಟನೇ ದಿನಕ್ಕೆ ವಾಸನೆ ಶುರುವಾಯಿತು. ಹನ್ನೊಂದನೇ ದಿನ ಕೆಳಗಿನ ಮನೆಯವರು ಬಂದು ‘ಏನ್ ಆಂಟಿ, ನಿಮ್ಮ ಬಾತ್‌ರೂಮ್ ಪೈಪ್ ಕಟ್ಕೊಂಡಿದ್ಯಾ?’ ಎಂದು ಕೇಳಿದರು. ಹದಿನೈದನೇ ದಿನ ಅಮ್ಮ ಮೂಗಿಗೆ ಸೆರಗು ಹಿಡಿದುಕೊಂಡು, ಬಕೆಟಿನಲ್ಲಿದ್ದ ಕಪ್ಪು ಗಸಿಯನ್ನೆಲ್ಲ ತಾವು ನಾಲ್ಕು ವರ್ಷದಿಂದ ಸಾಕಿದ್ದ ಕರಿಬೇವಿನ ಕುಂಡಕ್ಕೆ ಸುರಿದರು. ಮೂರು ವಾರದಲ್ಲಿ ಎಲೆಯೆಲ್ಲ ಹಳದಿಯಾಗಿ ಉದುರಿ ಬರೀ ಕಡ್ಡಿ ಉಳಿಯಿತು.

ಅಮ್ಮ ಆಮೇಲೆ ಒಂದು ವರ್ಷ ಗೊಬ್ಬರದ ಸುದ್ದಿಯನ್ನೇ ಎತ್ತಲಿಲ್ಲ. ‘ಇದೆಲ್ಲ ಹೊಲ ಇರೋರಿಗೆ ಸರಿ, ನಮಗಲ್ಲ’ ಎಂದುಬಿಟ್ಟರು. ಗೊಬ್ಬರ ಮಾಡಲು ಹೊರಟು ಕೈಬಿಟ್ಟವರನ್ನು ಕೇಳಿ ನೋಡಿ, ಹೆಚ್ಚುಕಡಿಮೆ ಎಲ್ಲರದ್ದೂ ಇದೇ ಕಥೆ. ಹಾಗಾಗಿ ಆ ಬಕೆಟಿನೊಳಗೆ ಏನಾಯಿತು ಅನ್ನುವುದರಿಂದಲೇ ಶುರು ಮಾಡೋಣ. ಅದು ಗೊತ್ತಾದರೆ ನಿಮ್ಮ ಮನೆಗೆ ಯಾವ ವಿಧಾನ ಹೊಂದುತ್ತದೆ ಎಂದು ನೀವೇ ಹೇಳಬಲ್ಲಿರಿ.

ಕೊಳೆಯುವುದು ಬೇರೆ, ಗೊಬ್ಬರವಾಗುವುದು ಬೇರೆ

ತರಕಾರಿ ಸಿಪ್ಪೆಯನ್ನು ಗೊಬ್ಬರ ಮಾಡುವುದು ಮಜ್ಜಿಗೆಯೂ ಅಲ್ಲ, ಬೆಲ್ಲವೂ ಅಲ್ಲ. ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು. ಇವು ಸಿಪ್ಪೆಯ ಮೇಲೆ, ಒಣ ಎಲೆಯ ಮೇಲೆ, ಗಾಳಿಯಲ್ಲಿ ಮೊದಲಿನಿಂದಲೂ ಇರುತ್ತವೆ. ನೀವು ಅವಕ್ಕೆ ನಾಲ್ಕು ಅನುಕೂಲ ಮಾಡಿಕೊಡಬೇಕು: ಸಾರಜನಕ ಇರುವ ಹಸಿ ಪದಾರ್ಥ, ಇಂಗಾಲ ಇರುವ ಒಣ ಪದಾರ್ಥ, ಹದವಾದ ತೇವ, ಮತ್ತು ಗಾಳಿ. ಈ ನಾಲ್ಕರಲ್ಲಿ ಗಾಳಿ ಸಿಗದಿದ್ದರೆ ಆಮ್ಲಜನಕ ಬೇಡದ ಬೇರೆ ಬಗೆಯ ಬ್ಯಾಕ್ಟೀರಿಯಾಗಳು ಮೇಲುಗೈ ಸಾಧಿಸುತ್ತವೆ. ಅವು ಕೊಳೆಸುವಾಗ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್, ಹುಳಿ ನಾತದ ಆಮ್ಲಗಳು, ಮೀಥೇನ್ ಹುಟ್ಟುತ್ತವೆ. ಅಮ್ಮನ ಬಕೆಟಿಗೆ ಒಂದೂ ತೂತು ಇರಲಿಲ್ಲ, ಮುಚ್ಚಳ ಬಿಗಿಯಾಗಿತ್ತು, ಒಣ ಪದಾರ್ಥ ಒಂದು ಹಿಡಿಯೂ ಬಿದ್ದಿರಲಿಲ್ಲ. ಸಿಪ್ಪೆಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲಿಗೂ ಹೆಚ್ಚು ನೀರೇ. ಆ ನೀರಿನ ಜೊತೆಗೆ ಒಂದು ಲೋಟ ಮಜ್ಜಿಗೆಯೂ ಸೇರಿತು.

ಇಂಗಾಲ ಮತ್ತು ಸಾರಜನಕದ ಲೆಕ್ಕವನ್ನು ಸ್ವಲ್ಪ ನೋಡಬೇಕು. ಸೂಕ್ಷ್ಮಜೀವಿಗಳಿಗೆ ಇಂಗಾಲ ಅನ್ನ ಇದ್ದ ಹಾಗೆ, ಸಾರಜನಕ ಬೇಳೆ ಇದ್ದ ಹಾಗೆ. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಅವುಗಳ ಕೆಲಸ ಚುರುಕಾಗಿ ನಡೆಯುತ್ತದೆ. ತರಕಾರಿ ಸಿಪ್ಪೆಯಲ್ಲಿ ಈ ಪ್ರಮಾಣ ಸಾಮಾನ್ಯವಾಗಿ 15ರಿಂದ 25ರ ಆಸುಪಾಸು. ಒಣ ಎಲೆಯಲ್ಲಿ 40ರಿಂದ 80. ಗರಗಸದ ಹೊಟ್ಟಿನಲ್ಲಿ 200ಕ್ಕೂ ಮೇಲೆ. ಅಂದರೆ ಬರೀ ಸಿಪ್ಪೆ ಹಾಕಿದರೆ ಬೇಳೆ ಹೆಚ್ಚಾಗಿ, ಮಿಕ್ಕ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮೂಗಿಗೆ ಚುರುಗುಟ್ಟುವ ವಾಸನೆ ಬಂದರೆ ಅದೇ ಇದು. ಬರೀ ಹೊಟ್ಟು ಹಾಕಿದರೆ ವರ್ಷವಾದರೂ ಹಾಗೇ ಕೂತಿರುತ್ತದೆ.

ದಿನಾ ಕ್ಯಾಲ್ಕುಲೇಟರ್ ಹಿಡಿದು ಕೂರಬೇಕಿಲ್ಲ. ಒಂದು ಬಟ್ಟಲು ಹಸಿ ಕಸಕ್ಕೆ ಒಂದೂವರೆಯಿಂದ ಎರಡು ಬಟ್ಟಲು ಪುಡಿಮಾಡಿದ ಒಣ ಎಲೆ. ಎಲೆ ಸಿಗದೆ ಕೊಕೊಪೀಟ್ ಅಥವಾ ಗರಗಸದ ಹೊಟ್ಟು ಬಳಸುವುದಾದರೆ ಅರ್ಧದಿಂದ ಒಂದು ಬಟ್ಟಲು ಸಾಕು, ಅವು ಗಟ್ಟಿಯಾಗಿ ತುಂಬಿಕೊಳ್ಳುತ್ತವೆ. ಕೈಗೆ ತೆಗೆದುಕೊಂಡು ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಇಳಿಯಬಾರದು. ಇಷ್ಟು ನೆನಪಿದ್ದರೆ ಸಾಕು.

ಮಲೆನಾಡಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಸೊಪ್ಪಿನ ಬೆಟ್ಟದಿಂದ ತರಗೆಲೆ ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತಾರೆ. ಸಗಣಿ ಗಂಜಲದ ಸಾರಜನಕ, ಎಲೆಯ ಇಂಗಾಲ, ದನ ತುಳಿದು ಮಾಡುವ ಮಿಶ್ರಣ. ಎಲ್ಲ ಸೇರಿ ಗೊಬ್ಬರಗುಂಡಿಗೆ ಹೋಗಿ ಅಡಿಕೆ ಮರದ ಬುಡಕ್ಕೆ ಬರುತ್ತದೆ. ಪುಸ್ತಕದಲ್ಲಿ ಅನುಪಾತ ಬರೆಯುವ ಎಷ್ಟೋ ಮೊದಲೇ ಅದು ಕೊಟ್ಟಿಗೆಯಲ್ಲಿ ನಡೆಯುತ್ತಿತ್ತು.

ಮೊದಲು ನಿಮ್ಮ ಕಸವನ್ನು ತೂಗಿ

ಇದು ಸ್ವಲ್ಪ ವಿಚಿತ್ರ ಸಲಹೆ ಅನ್ನಿಸಬಹುದು. ಆದರೆ ಯಾವ ವಿಧಾನ ಎಂದು ತೀರ್ಮಾನಿಸುವ ಮೊದಲು ಒಂದು ವಾರ ಹಸಿ ಕಸವನ್ನು ಬೇರೆ ಇಟ್ಟು ತೂಗಿ ನೋಡಿ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಅರ್ಧದಿಂದ ಒಂದು ಕೆಜಿ ಬಂದರೆ ಆಶ್ಚರ್ಯವಿಲ್ಲ. ಹಲಸಿನ ಕಾಲ, ಮಾವಿನ ಕಾಲದಲ್ಲಿ ಎರಡು ಪಟ್ಟು. ನೀರೆಲ್ಲ ಆರಿ, ಇಂಗಾಲದ ದೊಡ್ಡ ಪಾಲು ಗಾಳಿಗೆ ಸೇರಿದ ಮೇಲೆ, 10 ಕೆಜಿ ಹಸಿ ಕಸಕ್ಕೆ ಕೈಗೆ ಸಿಗುವ ಗೊಬ್ಬರ ಸುಮಾರು 2 ಕೆಜಿ. ‘ಇಷ್ಟೇನಾ?’ ಅನ್ನಿಸುತ್ತದೆ. ಹೌದು, ಇಷ್ಟೇ. ಐದಾರು ಕುಂಡಗಳ ಬಾಲ್ಕನಿಗೆ ಇದು ಧಾರಾಳ.

ಆಮೇಲೆ ಮೂರು ಪ್ರಶ್ನೆ. ಮಣ್ಣಿನ ನೆಲ ಇದೆಯೇ, ಅಥವಾ ಬರೀ ಸಿಮೆಂಟೇ? ಒಣ ಎಲೆ ಎಲ್ಲಿಂದ ಬರುತ್ತದೆ? ಗೊಬ್ಬರಕ್ಕೆ ವಾರಕ್ಕೆ ಎಷ್ಟು ಹೊತ್ತು ಕೊಡಬಲ್ಲಿರಿ? ಎರಡನೇ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಆದರೆ ನಾನು ನೋಡಿದ ಮಟ್ಟಿಗೆ ಮನೆಗೊಬ್ಬರ ಸೋಲುವುದು ಅಲ್ಲೇ. ಸಿಪ್ಪೆ ದಿನಾ ಬರುತ್ತದೆ, ಎಲೆ ದಿನಾ ಬರುವುದಿಲ್ಲ. ಬೆಂಗಳೂರಿನಲ್ಲಾದರೆ ಚಳಿಗಾಲ ಮುಗಿದು ಬೇಸಿಗೆ ಕಾಲಿಡುವಾಗ ರಸ್ತೆ ಬದಿ ಮರಗಳು ಎಲೆ ಉದುರಿಸುತ್ತವೆ. ಆಗ ನಾಲ್ಕೈದು ಗೋಣಿಚೀಲ ತುಂಬಿ ಒಣಜಾಗದಲ್ಲಿ ಇಟ್ಟುಕೊಂಡರೆ ಮಳೆಗಾಲ ಕಳೆಯುತ್ತದೆ. ಬೀದಿ ಗುಡಿಸುವವರನ್ನು ಕೇಳಿದರೆ ಸಾಮಾನ್ಯವಾಗಿ ಅವರೇ ಕೊಡುತ್ತಾರೆ, ಅವರಿಗೂ ಹೊರೆ ಇಳಿಯುತ್ತದೆ. ಎಲೆಗೆ ಬೆಂಕಿ ಹಚ್ಚಿ ಹೊಗೆ ಕುಡಿಯುವುದಕ್ಕಿಂತ ಇದು ಎಷ್ಟೋ ವಾಸಿ.

ಬಾಲ್ಕನಿ ಅಥವಾ ತಾರಸಿ ಇದ್ದರೆ: ತೂತಿನ ಪಾತ್ರೆ

ನೆಲವಿಲ್ಲದ ಹೆಚ್ಚಿನ ಮನೆಗಳಿಗೆ ನಾನು ಹೇಳುವುದು ಇದನ್ನೇ. ಗಾಳಿಯಾಡುವ ಪಾತ್ರೆ. ಒಂದರ ಮೇಲೊಂದು ಕೂರುವ ಮಣ್ಣಿನ ಮಡಕೆಗಳ ‘ಕಂಬ’ವನ್ನು ನೀವು ನೋಡಿರಬಹುದು, ಬೆಂಗಳೂರಿನ ಡೈಲಿ ಡಂಪ್ ಅದನ್ನು ಜನಪ್ರಿಯಗೊಳಿಸಿತು. ಆದರೆ ಅದನ್ನೇ ಕೊಳ್ಳಬೇಕೆಂದೇನಿಲ್ಲ. 20 ಲೀಟರಿನ ಎರಡು ಪೇಂಟ್ ಡಬ್ಬಕ್ಕೆ ತಳದಲ್ಲೂ ಸುತ್ತಲೂ ತೂತು ಕೊರೆದರೂ ಕೆಲಸ ನಡೆಯುತ್ತದೆ. ಮಣ್ಣಿನ ಪಾತ್ರೆಯ ಲಾಭವೆಂದರೆ ಅದರ ಗೋಡೆಯೇ ಉಸಿರಾಡುತ್ತದೆ, ಹೆಚ್ಚಿನ ತೇವ ಹೊರಗೆ ಹೋಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ತೇವ ಉಳಿಯುವುದರಿಂದ ಒಣ ಎಲೆ ಸ್ವಲ್ಪ ಜಾಸ್ತಿ ಬೇಕು.

ತಳಕ್ಕೆ ನಾಲ್ಕು ಬೆರಳು ದಪ್ಪ ಒಣ ಎಲೆ ಅಥವಾ ಕೊಕೊಪೀಟ್. ದಿನದ ಸಿಪ್ಪೆಯನ್ನು ಚಿಕ್ಕದಾಗಿ ಕತ್ತರಿಸಿ ಹಾಕಿ, ಮೇಲೆ ಒಣ ಎಲೆಯಿಂದ ಪೂರ್ತಿ ಮುಚ್ಚಿ. ಸಿಪ್ಪೆ ಕಣ್ಣಿಗೆ ಕಾಣಬಾರದು. ಕಂಡರೆ ನೊಣ ಬರುತ್ತದೆ. ವಾರಕ್ಕೆ ಎರಡು ಸಲ ಕೋಲಿನಿಂದ ಕೆದಕಿ. ಮೊದಲ ಪಾತ್ರೆ ತುಂಬಲು ತಿಂಗಳು ಹಿಡಿಯಬಹುದು. ತುಂಬಿದ ಮೇಲೆ ಅದನ್ನು ಬದಿಗಿಟ್ಟು ಎರಡನೆಯದನ್ನು ಶುರು ಮಾಡಿ. ಬದಿಗಿಟ್ಟದ್ದು ಹಣ್ಣಾಗಲು ಇನ್ನೂ ಒಂದೂವರೆಯಿಂದ ಎರಡು ತಿಂಗಳು. ಒಂದೇ ಪಾತ್ರೆ ಇಟ್ಟುಕೊಂಡರೆ ಮೇಲೆ ಹೊಸ ಸಿಪ್ಪೆ ಬೀಳುತ್ತಲೇ ಇರುತ್ತದೆ, ಗೊಬ್ಬರ ಎಂದೂ ಮುಗಿಯುವುದಿಲ್ಲ. ಎರಡು ಪಾತ್ರೆ ಬೇಕೇ ಬೇಕು.

ಶುರುವಿಗೆ ಸೂಕ್ಷ್ಮಜೀವಿ ಬೇಕೆಂದರೆ ಹಳೆಯ ಗೊಬ್ಬರದ ಒಂದು ಹಿಡಿ, ಅಥವಾ ಸ್ವಲ್ಪ ಸಗಣಿ ಸಾಕು. ಹುಳಿ ಮಜ್ಜಿಗೆ ಹಾಕಿದರೆ ಹಾನಿಯೇನಿಲ್ಲ, ಕೊಕೊಪೀಟಿನ ಮೇಲೆ ಎರಡು ಚಮಚ ಚಿಮುಕಿಸಿದರೆ ಆರಂಭದ ವೇಗ ಒಂದಿಷ್ಟು ಹೆಚ್ಚಬಹುದು. ಆದರೆ ಗಾಳಿ ಇಲ್ಲದ ಕಡೆ ಒಂದು ಬಿಂದಿಗೆ ಮಜ್ಜಿಗೆ ಸುರಿದರೂ ಗೊಬ್ಬರ ಆಗುವುದಿಲ್ಲ. ರಾಷ್ಟ್ರೀಯ ಸಾವಯವ ಕೃಷಿ ಕೇಂದ್ರದ ‘ವೇಸ್ಟ್ ಡಿಕಂಪೋಸರ್’ ಬಗ್ಗೆಯೂ ಫಾರ್ವರ್ಡ್ ಬರುತ್ತದೆ. 20 ರೂಪಾಯಿಯ ಸಣ್ಣ ಬಾಟಲಿಯಾಗಿ ಬಂದ ಅದನ್ನು 200 ಲೀಟರ್ ನೀರು, 2 ಕೆಜಿ ಬೆಲ್ಲದಲ್ಲಿ ಬೆಳೆಸಿ ಬಳಸುತ್ತಾರೆ. ಆ ಲೆಕ್ಕವೇ ಹೇಳುತ್ತದೆ, ಅದು ರೈತರ ಹೊಲದ ರಾಶಿಗಾಗಿ ಮಾಡಿದ್ದು. ಪೇಂಟ್ ಡಬ್ಬಕ್ಕೆ ಅದರ ಹಂಗು ಬೇಡ.

ನೆಲ ಇದ್ದರೆ ತಿಪ್ಪೆಯೇ ಸಾಕು

ಮನೆ ಹಿಂದೆ ಹತ್ತಡಿ ಮಣ್ಣಿದ್ದರೆ ನೀವು ಅದೃಷ್ಟವಂತರು, ಪಾತ್ರೆಗೆ ದುಡ್ಡು ಹಾಕಬೇಡಿ. ಒಂದು ಅಡಿ ಆಳದ ಕುಳಿ ತೋಡಿ, ವಾರದ ಸಿಪ್ಪೆ ಹಾಕಿ, ಎಲೆ ಹಾಕಿ, ಮಣ್ಣು ಮುಚ್ಚಿ. ಮುಂದಿನ ವಾರ ಪಕ್ಕದಲ್ಲಿ ಇನ್ನೊಂದು. ಬಾಳೆ, ನುಗ್ಗೆ, ತೆಂಗಿನ ಸುತ್ತ ಹೀಗೆ ಸುತ್ತು ಬಂದರೆ ಗೊಬ್ಬರ ತೆಗೆದು ಹಾಕುವ ಕೆಲಸವೂ ಇಲ್ಲ. ಎಳೆಯ ಗಿಡದ ಬೇರಿನ ಪಕ್ಕ ಮಾತ್ರ ಬೇಡ. ಒಂದು ಅಡಿಗಿಂತ ಕಮ್ಮಿ ಆಳವಾದರೆ ಇಲಿ, ಹೆಗ್ಗಣ, ಬೀದಿನಾಯಿ ಕೆದಕುತ್ತವೆ.

ಈ ವಿಷಯದಲ್ಲಿ ನಮ್ಮೂರಿಗೆ ಒಂದು ಹೆಸರೂ ಇದೆ. ಕೃಷಿ ವಿಜ್ಞಾನದ ಪುಸ್ತಕಗಳಲ್ಲಿ ‘ಬೆಂಗಳೂರು ವಿಧಾನ’ ಎಂಬ ಗೊಬ್ಬರ ಪದ್ಧತಿ ಕಾಣುತ್ತದೆ. 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ. ಎನ್. ಆಚಾರ್ಯ ಅದನ್ನು ರೂಪಿಸಿದರು. ಪಟ್ಟಣದ ಕಸ ಮತ್ತು ಮಲವನ್ನು ಕಂದಕದಲ್ಲಿ ಪದರ ಪದರವಾಗಿ ಹಾಕಿ, ಮಣ್ಣಿನಿಂದ ಮುಚ್ಚಿ, ಮಗುಚದೆ ಆರೆಂಟು ತಿಂಗಳು ಬಿಡುವುದು. ಮಗುಚುವ ಕೂಲಿ ಉಳಿಯುತ್ತದೆ, ನೊಣ ಕಮ್ಮಿ, ಆದರೆ ನಿಧಾನ. ಇದಕ್ಕೆ ಎದುರಾಗಿ ‘ಇಂದೋರ್ ವಿಧಾನ’. ಆಲ್ಬರ್ಟ್ ಹೋವರ್ಡ್ 1920ರ ದಶಕದಲ್ಲಿ ಇಂದೋರಿನಲ್ಲಿ ಕೆಲಸ ಮಾಡುತ್ತಾ ಅದನ್ನು ರೂಪಿಸಿ, 1931ರಲ್ಲಿ ಯಶವಂತ ವಾಡ್ ಅವರ ಜೊತೆ ಪುಸ್ತಕವಾಗಿ ಪ್ರಕಟಿಸಿದರು. ಅದರಲ್ಲಿ ರಾಶಿಯನ್ನು ಆಗಾಗ ಮಗುಚಬೇಕು, ಗೊಬ್ಬರ ಸುಮಾರು ಮೂರು ತಿಂಗಳಲ್ಲಿ ಸಿಗುತ್ತದೆ. ಇಂದಿಗೂ ನಿಮ್ಮ ಮುಂದಿರುವ ಆಯ್ಕೆ ಇವೆರಡರ ನಡುವಿನದೇ: ಮೈ ಬಗ್ಗಿಸಿದರೆ ಬೇಗ, ಇಲ್ಲದಿದ್ದರೆ ತಾಳ್ಮೆ. (ಮನೆಯಲ್ಲಿ ಯಾರೂ ಮಲ ಸೇರಿಸಲು ಹೋಗಬೇಡಿ. ನಾಯಿ ಬೆಕ್ಕಿನದ್ದೂ ಬೇಡ, ಕಾರಣ ಮುಂದೆ ಬರುತ್ತದೆ.)

ಕರಾವಳಿಯವರಿಗೆ ಮಾತ್ರ ಒಂದು ಎಚ್ಚರಿಕೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ನಾಲ್ಕು ತಿಂಗಳಲ್ಲೇ. ಗುಂಡಿ ತೋಡಿದರೆ ಅದು ಗೊಬ್ಬರದ ಗುಂಡಿಯಾಗಿ ಉಳಿಯದೆ ಕೆರೆಯಾಗುತ್ತದೆ. ಅಲ್ಲಿ ನೆಲದ ಮೇಲೆಯೇ ರಾಶಿ ಮಾಡಿ, ಮೇಲೆ ಮಡಲೋ ಶೀಟೋ ಮುಚ್ಚಬೇಕು. ಬಳ್ಳಾರಿ, ರಾಯಚೂರು, ಕಲಬುರಗಿ ಕಡೆಯವರಿಗೆ ಇದು ತಿರುಗುಮುರುಗು: ಗುಂಡಿ ಒಳ್ಳೆಯದು, ರಾಶಿ ಬಿಸಿಲಿಗೆ ಒಣಗಿ ಕೆಲಸವೇ ನಿಂತುಬಿಡುತ್ತದೆ. ವಾರಕ್ಕೊಮ್ಮೆ ನೀರು ಚಿಮುಕಿಸಬೇಕಾಗುತ್ತದೆ. ಗೊಬ್ಬರದಲ್ಲಿ ಇರುವೆ ಗೂಡು ಕಟ್ಟಿದರೆ ಅದು ಒಣಗಿದೆ ಎಂದೇ ಅರ್ಥ.

ಎರೆಹುಳು: ಚೆನ್ನಾಗಿದೆ, ಆದರೆ ಎಲ್ಲರಿಗಲ್ಲ

ಎರೆಗೊಬ್ಬರದ ಗುಣಮಟ್ಟದ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ‘ಒಂದು ಹಿಡಿ ಹುಳು ಬಿಟ್ಟರೆ ಮನೆ ಕಸವೆಲ್ಲ ಮಾಯ’ ಅನ್ನುವ ಮಾತಿನ ಬಗ್ಗೆ. ಎಲ್ಲ ಅನುಕೂಲ ಇದ್ದಾಗ ಗೊಬ್ಬರದ ಹುಳುಗಳು ದಿನಕ್ಕೆ ತಮ್ಮ ತೂಕದ ಅರ್ಧದಷ್ಟು ತಿಂದರೆ ಹೆಚ್ಚು. ಅಂದರೆ ದಿನಕ್ಕೆ ಅರ್ಧ ಕೆಜಿ ಕಸಕ್ಕೆ ಒಂದು ಕೆಜಿ ಹುಳು ಬೇಕು. ಕಾಲು ಕೆಜಿ ಹುಳು ತಂದು ಮನೆಯ ಕಸವನ್ನೆಲ್ಲ ಸುರಿದರೆ ಕಸ ಕೊಳೆತು, ಬಿಸಿಯಾಗಿ, ಹುಳು ಸಾಯುತ್ತದೆ. ಅವು ಮರಿ ಹಾಕಿ ಸಂಖ್ಯೆ ಹೆಚ್ಚಾಗಲು ಕೆಲವು ತಿಂಗಳು ಕೊಡಬೇಕು. ಅಲ್ಲಿಯವರೆಗೆ ಮಿಕ್ಕ ಕಸಕ್ಕೆ ಬೇರೆ ದಾರಿ ಇರಬೇಕು.

ತೋಟದ ಮಣ್ಣು ಅಗೆದು ಸಿಕ್ಕ ಹುಳುಗಳನ್ನು ತಂದು ಬಿಡುವವರೂ ಇದ್ದಾರೆ. ಅವು ಹೆಚ್ಚಾಗಿ ಆಳದ ಮಣ್ಣಿನಲ್ಲಿ ಬಿಲ ಕೊರೆದು ಬದುಕುವ ಜಾತಿಯವು, ಡಬ್ಬದಲ್ಲಿ ಬದುಕುವುದಿಲ್ಲ. ಗೊಬ್ಬರಕ್ಕೆ ಬಳಸುವುದು ಮೇಲ್ಪದರದ ಕೊಳೆತ ಎಲೆಯಲ್ಲಿ ಬದುಕುವ ಜಾತಿಗಳನ್ನು: ಆಫ್ರಿಕಾ ಮೂಲದ ಯೂಡ್ರಿಲಸ್ ಯೂಜೀನಿಯೆ, ಯುರೋಪ್ ಮೂಲದ ಐಸೀನಿಯಾ ಫೀಟಿಡಾ, ನಮ್ಮದೇ ನೆಲದ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಅವಕ್ಕೆ ಸುಮಾರು 15ರಿಂದ 30 ಡಿಗ್ರಿ ಸೆಲ್ಸಿಯಸ್ ಹಿತ. 35 ದಾಟಿದರೆ ಕಷ್ಟ. ಏಪ್ರಿಲ್ ತಿಂಗಳ ಬಿಸಿಲಲ್ಲಿ ತಾರಸಿಯ ಮೇಲಿಟ್ಟ ಡಬ್ಬದೊಳಗೆ ಎಷ್ಟು ಬಿಸಿ ಇರಬಹುದು ಯೋಚಿಸಿ. ಉಪ್ಪು, ಎಣ್ಣೆ, ಸಾಂಬಾರು, ಉಪ್ಪಿನಕಾಯಿ ಅವಕ್ಕೆ ಆಗದು. ನಿಂಬೆ, ಕಿತ್ತಳೆ ಸಿಪ್ಪೆ, ಈರುಳ್ಳಿ, ಬೆಳ್ಳುಳ್ಳಿ ಅತಿಯಾದರೂ ಆಗದು. ‘ನಿಂಬೆ ಸಿಪ್ಪೆ ಗೊಬ್ಬರಕ್ಕೆ ವಿಷ’ ಎಂಬ ಫಾರ್ವರ್ಡಿನ ಮೂಲ ಬಹುಶಃ ಇದೇ. ಎರೆಹುಳುವಿನ ಡಬ್ಬದ ಮಟ್ಟಿಗೆ ಅದರಲ್ಲಿ ಸತ್ಯವಿದೆ. ಸಾಮಾನ್ಯ ಮಡಕೆಯಲ್ಲಿ ನಿಂಬೆ ಸಿಪ್ಪೆ ಕತ್ತರಿಸಿ ಹಾಕಿದರೆ ಸ್ವಲ್ಪ ನಿಧಾನವಾಗಿ ಕರಗುತ್ತದೆ, ಅಷ್ಟೆ.

ವರ್ಷಕ್ಕೊಮ್ಮೆ ತಿಂಗಳುಗಟ್ಟಲೆ ಊರಿಗೆ ಹೋಗುವವರಿಗೆ ಈ ವಿಧಾನವನ್ನು ನಾನು ಹೇಳುವುದಿಲ್ಲ. ಹುಳು ಸಾಕುವುದೂ ಸಾಕಣೆಯೇ.

ಬೊಕಾಶಿ ಮತ್ತು 24 ಗಂಟೆಯ ಮೆಷಿನ್

ಬೊಕಾಶಿ ಜಪಾನಿನಿಂದ ಬಂದದ್ದು. ಮುಚ್ಚಳ ಬಿಗಿಯಾದ ಬಕೆಟಿನಲ್ಲಿ ಆಹಾರದ ಕಸದ ಮೇಲೆ ಸೂಕ್ಷ್ಮಜೀವಿ ಬೆರೆಸಿದ ತೌಡನ್ನು ಉದುರಿಸುತ್ತಾ ಹೋಗುವುದು. ಇಲ್ಲಿ ಗಾಳಿ ಬೇಕಿಲ್ಲ. ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಕಸವನ್ನು ಉಪ್ಪಿನಕಾಯಿಯ ಹಾಗೆ ಹುಳಿ ಬರಿಸುತ್ತವೆ. ಅಮ್ಮನ ಬಕೆಟಿನ ವಿಡಿಯೋ ಇದರದ್ದೇ ಅರೆಬರೆ ನಕಲು ಎಂದು ನನಗೆ ಆಮೇಲೆ ಹೊಳೆಯಿತು. ಆದರೆ ಅಸಲಿ ವಿಧಾನದಲ್ಲಿ ಇನ್ನೂ ಮೂರು ವಿಷಯಗಳಿವೆ. ತೌಡನ್ನು ಪ್ರತಿ ಪದರಕ್ಕೂ ಹಾಕಬೇಕು. ತಳದಲ್ಲಿ ಇಳಿಯುವ ರಸವನ್ನು ನಲ್ಲಿಯಿಂದ ಆಗಾಗ ತೆಗೆಯಬೇಕು. ಎಲ್ಲಕ್ಕಿಂತ ಮುಖ್ಯ, ಎರಡು ವಾರದ ಮೇಲೆ ಸಿಗುವುದು ಗೊಬ್ಬರವಲ್ಲ, ಹುಳಿ ಬಂದ ಕಸ. ಅದನ್ನು ಮಣ್ಣಿನಲ್ಲಿ ಹೂತು ಇನ್ನೂ ಎರಡು ಮೂರು ವಾರ ಬಿಟ್ಟ ಮೇಲೆಯೇ ಗಿಡ ನೆಡಬೇಕು. ನೇರ ಬೇರಿಗೆ ಹಾಕಿದರೆ ಆಮ್ಲ ಬೇರನ್ನು ಸುಡುತ್ತದೆ. ಕರಿಬೇವಿಗೆ ಆದದ್ದು ಇದೇ. ಅನ್ನ, ಪಲ್ಯ, ಮೀನಿನ ಮುಳ್ಳು ಹೆಚ್ಚು ಉಳಿಯುವ ಮನೆಗೆ ಬೊಕಾಶಿ ಅನುಕೂಲ, ಆದರೆ ಹೂಳಲು ಮಣ್ಣಿರಬೇಕು ಮತ್ತು ತೌಡಿಗೆ ತಿಂಗಳು ತಿಂಗಳು ಖರ್ಚಿದೆ.

ಇನ್ನು ‘ಸಂಜೆ ಕಸ ಹಾಕಿ, ಬೆಳಿಗ್ಗೆ ಗೊಬ್ಬರ ತೆಗೆಯಿರಿ’ ಅನ್ನುವ ವಿದ್ಯುತ್ ಯಂತ್ರ. ಇವುಗಳಲ್ಲಿ ಹೆಚ್ಚಿನವು ಕಸವನ್ನು ಬಿಸಿ ಮಾಡಿ, ಒಣಗಿಸಿ, ಪುಡಿ ಮಾಡುತ್ತವೆ. ಪ್ರಮಾಣ ಇಳಿಯುತ್ತದೆ, ವಾಸನೆ ಇರುವುದಿಲ್ಲ, ನೋಡಲು ಕಾಫಿಪುಡಿಯ ಹಾಗೆ ಚೆಂದ. ಆದರೆ ಸೂಕ್ಷ್ಮಜೀವಿಗಳು ತಿಂಗಳುಗಟ್ಟಲೆ ಮಾಡುವ ಕೆಲಸ ಒಂದು ರಾತ್ರಿಯಲ್ಲಿ ಆಗಿರುವುದಿಲ್ಲ. ಆ ಪುಡಿಗೆ ನೀರು ಬಿದ್ದ ಕೂಡಲೇ ಕೊಳೆಯುವುದು ಹೊಸದಾಗಿ ಶುರುವಾಗುತ್ತದೆ, ಕುಂಡದ ಮೇಲೆ ಬೂಸ್ಟು ಬೆಳೆಯುತ್ತದೆ. ಈಗಾಗಲೇ ಕೊಂಡಿದ್ದರೆ ಬೇಸರ ಬೇಡ. ಆ ಪುಡಿಯನ್ನು ಒಣ ಎಲೆಯ ಜೊತೆ ಮಡಕೆಗೆ ಹಾಕಿ, ಅಲ್ಲಿ ಗೊಬ್ಬರವಾಗಲಿ. ಇನ್ನೂ ಕೊಂಡಿಲ್ಲವಾದರೆ ಆ ದುಡ್ಡಲ್ಲಿ ಎಷ್ಟು ಮಡಕೆ ಬರುತ್ತದೆ ಎಂದು ಲೆಕ್ಕ ಹಾಕಿ.

ಹುಳ ಬಿತ್ತು, ಸೊಳ್ಳೆ ಬಂತು, ರೋಗ ಬರುತ್ತೆ

ಹೆಚ್ಚಿನವರು ಗಾಬರಿಯಾಗುವುದು ಮಡಕೆ ತೆರೆದಾಗ ಬಿಳಿ, ಕಂದು ಹುಳಗಳು ಮಿಜಿಮಿಜಿ ಅನ್ನುವುದನ್ನು ನೋಡಿ. ದಪ್ಪಗೆ, ಚಪ್ಪಟೆಯಾಗಿ, ಗಟ್ಟಿ ಚರ್ಮದ್ದಾಗಿದ್ದರೆ ಅವು ಬಹುತೇಕ ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು. ಕಸವನ್ನು ಅವು ತಿನ್ನುವ ವೇಗ ನೋಡಿದರೆ ಬೆರಗಾಗುತ್ತದೆ. ದೊಡ್ಡದಾದ ಮೇಲೆ ಅವು ಕಚ್ಚುವುದಿಲ್ಲ, ಮನೆಯೊಳಗಿನ ಅನ್ನದ ಮೇಲೆ ಬಂದು ಕೂರುವ ಅಭ್ಯಾಸವೂ ಇಲ್ಲ. ನೋಡಲು ಆಗದಿದ್ದರೆ ಒಣ ಎಲೆ ಹೆಚ್ಚಿಸಿ, ತೇವ ಇಳಿಸಿ, ತಾವೇ ಕಮ್ಮಿಯಾಗುತ್ತವೆ. ಕೀಟನಾಶಕ ಸಿಂಪಡಿಸಬೇಡಿ, ಅದೆಲ್ಲ ನಾಳೆ ನಿಮ್ಮ ಟೊಮೆಟೊ ಕುಂಡಕ್ಕೇ ಬರುವುದು.

ಡೆಂಗಿ ಸೊಳ್ಳೆ ಗೊಬ್ಬರದಲ್ಲಿ ಮೊಟ್ಟೆ ಇಡುವುದಿಲ್ಲ. ಅದಕ್ಕೆ ನಿಂತ ನೀರು ಬೇಕು. ಆದರೆ ಮಡಕೆಯ ಕೆಳಗಿನ ತಟ್ಟೆ, ಮುಚ್ಚಳದ ಮೇಲಿನ ತಗ್ಗು, ಇರುವೆ ಬಾರದಿರಲೆಂದು ಇಟ್ಟ ನೀರಿನ ಬಟ್ಟಲು, ಇವುಗಳಲ್ಲಿ ಮಳೆನೀರು ನಿಂತರೆ ಖಂಡಿತ ಇಡುತ್ತದೆ. ವಾರಕ್ಕೊಮ್ಮೆಯಾದರೂ ಇವನ್ನು ಚೆಲ್ಲಿ ಉಜ್ಜಿ ತೊಳೆಯಿರಿ. ಮನೆ ಮಾಲೀಕರು ಸೊಳ್ಳೆಯ ನೆಪ ಹೇಳಿದರೆ ಈ ತಟ್ಟೆಯನ್ನು ಮೊದಲು ನೋಡಿ, ಅವರ ಮಾತು ನಿಜವಿರಬಹುದು.

ರೋಗದ ವಿಷಯದಲ್ಲಿ ಗಂಭೀರವಾಗಿ ಹೇಳಬೇಕಾದದ್ದು ಇದೆ. ರೋಗಾಣು ಸಾಯಲು ರಾಶಿ 55 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಬಿಸಿಯಾಗಿ ಕೆಲವು ದಿನ ಹಾಗೇ ಇರಬೇಕು. ಅಷ್ಟು ಬಿಸಿ ಹಿಡಿದಿಡಲು ಸುಮಾರು ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರದ ರಾಶಿಯಾದರೂ ಬೇಕು. ಮಡಕೆಯಲ್ಲಿ ಅದು ಆಗುವುದಿಲ್ಲ. ನಿಮ್ಮ ಗೊಬ್ಬರದಲ್ಲಿ ತಾನಾಗಿ ಟೊಮೆಟೊ, ಕುಂಬಳ ಹುಟ್ಟುತ್ತವಲ್ಲ, ಬೀಜ ಸಾಯುವಷ್ಟು ಬಿಸಿ ಆಗಿರಲಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಹಾಗಾಗಿ ಸಾಕುಪ್ರಾಣಿಯ ಮಲ, ಡೈಪರ್, ರೋಗ ಬಂದ ಗಿಡದ ಎಲೆ ಮಡಕೆಗೆ ಬೇಡ. ತಳದಿಂದ ಇಳಿಯುವ ಕಂದು ನೀರನ್ನು ಹತ್ತು ಪಟ್ಟು ನೀರು ಬೆರೆಸಿ ಹೂವಿನ ಗಿಡದ ಬುಡಕ್ಕೆ ಹಾಕಬಹುದು. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನಾ ಮೇಲೆ ಚಿಮುಕಿಸಬೇಡಿ.

ಒಣಗಿದ ಗೊಬ್ಬರ ಕೆದಕುವಾಗ ಏಳುವ ಧೂಳಿನಲ್ಲಿ ಆಸ್ಪರ್ಜಿಲಸ್‌ನಂಥ ಶಿಲೀಂಧ್ರಗಳ ಕಣಗಳಿರುತ್ತವೆ. ಆರೋಗ್ಯವಂತರಿಗೆ ಇದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಅಸ್ತಮಾ ಇರುವವರು ಮಾಸ್ಕ್ ಹಾಕಿಕೊಂಡು, ಮೊದಲು ಸ್ವಲ್ಪ ನೀರು ಚಿಮುಕಿಸಿ ಕೆದಕಬೇಕು. ಕೀಮೋಥೆರಪಿಯಲ್ಲಿರುವವರು, ಅಂಗಾಂಗ ಕಸಿ ಆದವರು ಈ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡುವುದೇ ಒಳ್ಳೆಯದು. ಕೈಯಲ್ಲಿ ಗಾಯವಿದ್ದರೆ ಕೈಗವಸು ಹಾಕಿ. ಮಣ್ಣು, ಸಗಣಿಯಲ್ಲಿ ಧನುರ್ವಾಯು ತರುವ ಬ್ಯಾಕ್ಟೀರಿಯಾ ಇರುತ್ತವೆ, ಟಿಟಿ ಇಂಜೆಕ್ಷನ್ ತೆಗೆದುಕೊಂಡು ಎಷ್ಟು ವರ್ಷವಾಯಿತು ಎಂದು ಒಮ್ಮೆ ನೆನಪಿಸಿಕೊಳ್ಳಿ.

ಸಣ್ಣಪುಟ್ಟ ಫಾರ್ವರ್ಡ್‌ಗಳು

ಮೊಟ್ಟೆ ಚಿಪ್ಪನ್ನು ಕೈಯಲ್ಲಿ ಮುರಿದು ಹಾಕಿದರೆ ವರ್ಷದ ಮೇಲೂ ಹಾಗೇ ಸಿಗುತ್ತದೆ. ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿದರೆ ನಿಧಾನವಾಗಿ ಕ್ಯಾಲ್ಸಿಯಂ ಬಿಡುತ್ತದೆ. ಟೊಮೆಟೊ ಕೆಳಭಾಗ ಕಪ್ಪಾಗುವುದಕ್ಕೆ ಇದು ದಿಢೀರ್ ಮದ್ದಲ್ಲ, ಆ ತೊಂದರೆಗೆ ಹೆಚ್ಚಿನ ಸಲ ಕಾರಣ ನೀರನ್ನು ಒಂದು ದಿನ ಹಾಕಿ ನಾಲ್ಕು ದಿನ ಮರೆಯುವುದು. ಬಾಳೆಸಿಪ್ಪೆ ನೆನೆಸಿದ ನೀರಲ್ಲಿ ಸ್ವಲ್ಪ ಪೊಟ್ಯಾಸಿಯಂ ಬರುತ್ತದೆ, ಪವಾಡವೇನಿಲ್ಲ. ಸಿಪ್ಪೆಯನ್ನೇ ಗೊಬ್ಬರಕ್ಕೆ ಹಾಕಿದರೆ ಪೂರ್ತಿ ಸಿಗುತ್ತದೆ. ಚಹಾ ಚರಟವನ್ನು ಹಾಲು ಸಕ್ಕರೆ ಹೋಗುವಂತೆ ತೊಳೆದು ಹಾಕಿ, ಇಲ್ಲದಿದ್ದರೆ ಇರುವೆಗೆ ಹಬ್ಬ.

‘ಕಂಪೋಸ್ಟಬಲ್’ ಎಂದು ಬರೆದ ಹಸಿರು ಕೈಚೀಲ ಮಾತ್ರ ದೊಡ್ಡ ಮೋಸದಂತೆ ಕಾಣುತ್ತದೆ, ಆದರೆ ಪೂರ್ತಿ ಸುಳ್ಳಲ್ಲ. ಆ ಮಾತು ಸಾಮಾನ್ಯವಾಗಿ ಸುಮಾರು 58 ಡಿಗ್ರಿ ಬಿಸಿಯಲ್ಲಿ ನಡೆಸುವ ಪರೀಕ್ಷೆಗೆ, ಅಂದರೆ ದೊಡ್ಡ ಗೊಬ್ಬರ ಘಟಕಕ್ಕೆ ಸಂಬಂಧಿಸಿದ್ದು. ಮಡಕೆಯಲ್ಲಿ ಹಾಕಿದರೆ ತಿಂಗಳುಗಟ್ಟಲೆ ಚೀಲವಾಗಿಯೇ ಇರುತ್ತದೆ.

ಹಣ್ಣಾಗಿದೆಯೇ ಎಂದು ತಿಳಿಯುವುದು ಹೇಗೆ?

ಎಲ್ಲಕ್ಕಿಂತ ಹೆಚ್ಚು ಗಿಡ ಸಾಯುವುದು ಈ ಒಂದು ಪ್ರಶ್ನೆಯನ್ನು ಕೇಳದೇ ಇರುವುದರಿಂದ. ಅರೆಬೆಂದ ಗೊಬ್ಬರದಲ್ಲಿ ಬೇರಿಗೆ ಆಗದ ಆಮ್ಲಗಳು, ಅಮೋನಿಯಾ ಇರುತ್ತವೆ. ಜೊತೆಗೆ ಇನ್ನೂ ಹಸಿದಿರುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುವ ಸಾರಜನಕವನ್ನೂ ತಾವೇ ಬಳಸಿಕೊಳ್ಳುತ್ತವೆ. ಗಿಡಕ್ಕೆ ಊಟ ಕೊಡಲು ಹೋಗಿ ತಟ್ಟೆಯನ್ನೇ ಕಿತ್ತುಕೊಂಡಂತೆ.

ಬಣ್ಣ ನೋಡಿ ಹೇಳಬೇಡಿ. ಅಮ್ಮನ ಗಸಿಯೂ ಕಪ್ಪಗೇ ಇತ್ತು. ಮೊದಲ ಮಳೆ ಬಿದ್ದಾಗಿನ ಮಣ್ಣಿನ ವಾಸನೆ ಬರಬೇಕು, ಸಿಪ್ಪೆಯ ಆಕಾರ ಗುರುತು ಸಿಗಬಾರದು, ಮುಟ್ಟಿದರೆ ಬಿಸಿ ಇರಬಾರದು. ಅನುಮಾನ ಇದ್ದರೆ ಒಂದು ಹಿಡಿಯನ್ನು ಒದ್ದೆ ಮಾಡಿ ಜಿಪ್ ಚೀಲದಲ್ಲಿ ಮುಚ್ಚಿ ಮೂರು ದಿನ ಇಡಿ. ತೆರೆದಾಗ ಕೆಟ್ಟ ವಾಸನೆ ಬಂದರೆ ಇನ್ನೂ ಆಗಿಲ್ಲ.

ಅದಕ್ಕಿಂತ ಚೆನ್ನಾದ ಪರೀಕ್ಷೆ ಅಡುಗೆಮನೆಯಲ್ಲೇ ಇದೆ. ಎರಡು ಲೋಟ ತೆಗೆದುಕೊಳ್ಳಿ. ಒಂದಕ್ಕೆ ನಿಮ್ಮ ಸಾಮಾನ್ಯ ಮಣ್ಣು, ಇನ್ನೊಂದಕ್ಕೆ ಅದೇ ಮಣ್ಣು ಮತ್ತು ಗೊಬ್ಬರ ಅರ್ಧರ್ಧ. ಎರಡರಲ್ಲೂ ಇಪ್ಪತ್ತಿಪ್ಪತ್ತು ಮೆಂತ್ಯ ಕಾಳು ಹಾಕಿ, ಒಂದೇ ಜಾಗದಲ್ಲಿಟ್ಟು, ಒಂದೇ ಸಮ ನೀರು ಚಿಮುಕಿಸಿ, ಒಂದು ವಾರ ನೋಡಿ. ಗೊಬ್ಬರದ ಲೋಟದಲ್ಲೂ ಹೆಚ್ಚುಕಡಿಮೆ ಅಷ್ಟೇ ಕಾಳು ಮೊಳೆತು, ಬೇರು ಬೆಳ್ಳಗೆ, ಎಲೆ ಹಸಿರಾಗಿದ್ದರೆ ಗೊಬ್ಬರ ಸಿದ್ಧ. ಕಮ್ಮಿ ಮೊಳೆತರೆ, ಬೇರಿನ ತುದಿ ಕಂದಾಗಿದ್ದರೆ, ಮಡಕೆಗೆ ವಾಪಸ್ ಹಾಕಿ ಇನ್ನೊಂದು ತಿಂಗಳು ಬಿಡಿ.

ಸಿದ್ಧವಾದ ಗೊಬ್ಬರವನ್ನೂ ಕುಂಡದ ಕಾಲು ಭಾಗದಿಂದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆರೆಸಬೇಡಿ. ಅದರಲ್ಲಿ ಸಾರಜನಕ ನೂರಕ್ಕೆ ಒಂದೆರಡು ಪಾಲು ಮಾತ್ರ, ಯೂರಿಯಾದಲ್ಲಿ 46. ಹಾಗಾಗಿ ಮೂರು ದಿನಕ್ಕೆ ಗಿಡ ದಿಗ್ಗನೆ ಚಿಗುರುವುದಿಲ್ಲ. ಮಣ್ಣು ಮೆತ್ತಗಾಗುತ್ತದೆ, ನೀರು ಹೆಚ್ಚು ಹೊತ್ತು ನಿಲ್ಲುತ್ತದೆ, ಗಿಡ ನಿಧಾನಕ್ಕೆ ಸುಧಾರಿಸುತ್ತದೆ.

ಹೋದ ಮಾಗಿಯಲ್ಲಿ ಅಮ್ಮ ಮತ್ತೆ ಶುರು ಮಾಡಿದ್ದಾರೆ, ಈ ಸಲ ಎರಡು ತೂತಿನ ಡಬ್ಬ ಮತ್ತು ಮೂರು ಚೀಲ ತರಗೆಲೆ. ಮೊದಲ ಡಬ್ಬದ ಮೆಂತ್ಯ ಪರೀಕ್ಷೆಯಲ್ಲಿ ಇಪ್ಪತ್ತರಲ್ಲಿ ಹನ್ನೊಂದೇ ಮೊಳೆತವು. ಒಂದು ತಿಂಗಳು ಬಿಟ್ಟು ಮತ್ತೆ ಹಾಕಿದಾಗ ಹದಿನೆಂಟು. ಕೆಳಗಿನ ಮನೆಯವರು ಈಗ ತಮ್ಮ ಸಿಪ್ಪೆಯನ್ನೂ ಒಂದು ಡಬ್ಬಿಯಲ್ಲಿ ಮೇಲೆ ಕಳಿಸುತ್ತಾರೆ. ಎಲೆ ಸಾಲುತ್ತಿಲ್ಲ ಎಂದು ಅಮ್ಮ ಗೊಣಗುತ್ತಿದ್ದಾರೆ.